ಕೊಕ್ಕು ಸೊಟ್ಟಗಾದರೂ ಅದು ಗುಬ್ಬಿಯೇ: ಮಕ್ಕಳ ಜೊತೆ ಹಕ್ಕಿ ಬಿಡಿಸುವ ಹತ್ತು ನಿಮಿಷ



ಈ ಸಲದ ಆರೋಗ್ಯ ಲೇಖನದಲ್ಲಿ ಮಾತ್ರೆ, ಪಥ್ಯ, ಕಷಾಯ ಯಾವುದೂ ಇಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಪಕ್ಕದಲ್ಲಿ ನಿಮ್ಮ ಮಗು. ಇಷ್ಟಿದ್ದರೆ ಸಾಕು. ಎರಡರಿಂದ ಏಳು ವರ್ಷದ ಮಕ್ಕಳಿರುವ ಮನೆಯವರು ಪೂರ್ತಿ ಓದಿ. ಮೊಮ್ಮಕ್ಕಳು ದೂರದಲ್ಲಿರುವ ಅಜ್ಜ ಅಜ್ಜಿಯರಿಗೂ ಇದರಲ್ಲಿ ಒಂದು ಕೆಲಸವಿದೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಂದು ಊರು ಬಿಟ್ಟು ಬಂದು ಸಂಸಾರ ಮಾಡುತ್ತಿರುವ ನಮ್ಮ ಬಹಳಷ್ಟು ಮನೆಗಳಲ್ಲಿ ಸಂಜೆ ಹೊತ್ತು ಒಂದೇ ತರಹ ಇರುತ್ತದೆ. ಓಡಾಡಲು ಅಂಗಳವಿಲ್ಲ, ಕಥೆ ಹೇಳಲು ಅಜ್ಜಿ ಹತ್ತಿರವಿಲ್ಲ. ಕೆಲಸ ಮುಗಿಸಿ ಬಂದವರಿಗೆ ಅಡುಗೆ ಆಗಬೇಕು. ಅಷ್ಟು ಹೊತ್ತು ಮಗು ಸುಮ್ಮನಿರಲಿ ಎಂದು ಕೈಗೆ ಮೊಬೈಲ್ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಮೊಬೈಲ್ ಕಿತ್ತುಕೊಂಡರೆ ಆ ಕೈಗೆ ಬೇರೆ ಏನಾದರೂ ಕೊಡಬೇಕಲ್ಲ? ಆ ‘ಬೇರೆ ಏನಾದರೂ’ ಒಂದು ಗುಬ್ಬಿಯಾಗಲಿ.

*ಚಿತ್ರ ಬಿಡಿಸುವುದು ಆರೋಗ್ಯದ ವಿಷಯ ಹೇಗೆ?*

ನಾಲ್ಕು ಕಾರಣಗಳಿವೆ.

1. *ಕೈ.* ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಇವು ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ಕಿವಿಯ ಅಂಚಿನ ಹಾಗೆ ಮೆತ್ತಗಿರುತ್ತವೆ. ವರ್ಷಗಳು ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯ ಮೂಳೆಯ ಸರದಿ ಬರುವುದು ಸುಮಾರು 8ರಿಂದ 12ನೇ ವರ್ಷದಲ್ಲಿ. ಬೆರಳಿನ ಸಣ್ಣ ಸ್ನಾಯುಗಳಿಗೂ ಹೀಗೆ ನಿಧಾನವಾಗಿಯೇ ಬಲ ಬರುತ್ತದೆ. ಗುಂಡಿ ಹಾಕಿಕೊಳ್ಳುವುದು, ತುತ್ತು ಕಲಸಿ ತಿನ್ನುವುದು, ಅಕ್ಷರ ಬರೆಯುವುದು ಎಲ್ಲಕ್ಕೂ ಇದೇ ಬಲ ಬೇಕು. ಗೀಚುವುದು ಆ ಸ್ನಾಯುಗಳ ವ್ಯಾಯಾಮ.

2. *ಕಣ್ಣು.* ಗೆರೆ ಎಳೆಯುವಾಗ ಕಣ್ಣು ಮುಂದೆ ಹೋಗುತ್ತದೆ, ಕೈ ಅದರ ಹಿಂದೆ ಬರುತ್ತದೆ. ಇವೆರಡೂ ಹೊಂದಿಕೊಂಡು ಕೆಲಸ ಮಾಡುವುದನ್ನು ಮಗು ಹೀಗೆಯೇ ಕಲಿಯುವುದು.

3. *ಮಾತು.* ಪಕ್ಕದಲ್ಲಿ ಕುಳಿತವರು ಮಾತನಾಡುತ್ತಾ ಬಿಡಿಸಿದರೆ ಕೊಕ್ಕು, ರೆಕ್ಕೆ, ಪುಕ್ಕ, ಉಗುರು, ಕಾಳು, ಗೂಡು ಎಂಬ ಶಬ್ದಗಳು ತಾವಾಗಿ ಬರುತ್ತವೆ. ಪರದೆಯ ಮುಂದೆ ಕುಳಿತ ಮಗು ಕೇಳಿಸಿಕೊಳ್ಳುತ್ತದೆ, ಆದರೆ ಅದರ ಮಾತಿಗೆ ಅಲ್ಲಿ ಉತ್ತರ ಕೊಡುವವರಿಲ್ಲ. ಹಾಳೆಯ ಮುಂದೆ ಇದ್ದಾರೆ.

4. *ಮನಸ್ಸು.* ‘ನನಗೆ ಭಯ ಆಗುತ್ತಿದೆ’ ಎಂದು ನಾಲ್ಕು ವರ್ಷದ ಮಗು ನೇರವಾಗಿ ಹೇಳುವುದು ಕಷ್ಟ. ‘ಗುಬ್ಬಿಗೆ ಭಯ ಆಗಿದೆ’ ಎಂದು ಹೇಳುವುದು ಸುಲಭ. ಇದರ ಬಗ್ಗೆ ಮುಂದೆ ವಿವರವಾಗಿ ನೋಡೋಣ.

*ಯಾವ ವಯಸ್ಸಿಗೆ ಯಾವ ಗೆರೆ?*

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮಕ್ಕಳ ಕೈಗೆ ಗೆರೆಗಳು ಒಂದು ಕ್ರಮದಲ್ಲಿ ಬರುತ್ತವೆ. ಮಕ್ಕಳ ವೈದ್ಯರು ಬೆಳವಣಿಗೆಯನ್ನು ನೋಡುವಾಗ ಇದನ್ನೂ ಗಮನಿಸುತ್ತಾರೆ.

• ಒಂದೂವರೆ ವರ್ಷದ ಹೊತ್ತಿಗೆ: ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಗೀಚುವುದು.
• ಸುಮಾರು 2 ವರ್ಷ: ನೀವು ಎಳೆದಂತೆ ಮೇಲಿನಿಂದ ಕೆಳಗೆ ಒಂದು ಉದ್ದ ಗೆರೆ.
• ಸುಮಾರು 3 ವರ್ಷ: ನೋಡಿಕೊಂಡು ಒಂದು ಸೊನ್ನೆ.
• ಸುಮಾರು 4 ವರ್ಷ: ಕೂಡಿಸುವ ಚಿಹ್ನೆಯಂತೆ ಅಡ್ಡ ಉದ್ದ ಗೆರೆ. ನಾಲ್ಕು ದಾಟಿದ ಮೇಲೆ ಚೌಕ.
• ಸುಮಾರು 5 ವರ್ಷ: ತ್ರಿಕೋನ.

ಕೆಲವು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಈಗ ಈ ಪಟ್ಟಿಯನ್ನು ಹಕ್ಕಿಗೆ ಹೊಂದಿಸಿ ನೋಡಿ. ಹಕ್ಕಿಯ ಹೊಟ್ಟೆ ಎಂದರೆ ಸೊನ್ನೆ, ಕಾಲು ಎಂದರೆ ಉದ್ದ ಗೆರೆ, ಕೊಕ್ಕು ಎಂದರೆ ತ್ರಿಕೋನ. ಅಂದರೆ ಮೂರು ವರ್ಷದ ಮಗು ಹೊಟ್ಟೆಯನ್ನು ಚೆನ್ನಾಗಿ ಬಿಡಿಸಿ ಕೊಕ್ಕನ್ನು ಸೊಟ್ಟ ಮಾಡಿದರೆ ಅದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ತ್ರಿಕೋನದ ಓರೆ ಗೆರೆ ಆ ಕೈಗೆ ಬರಲು ಇನ್ನೂ ಎರಡು ವರ್ಷ ಬೇಕು. ಎಲ್‌ಕೆಜಿ ಮಕ್ಕಳ ಕೈಯಲ್ಲಿ ಪುಟಗಟ್ಟಲೆ ಬರೆಸುವ ಆತುರ ನಮಗಿದೆ. ಬೇರು ಬಿಡುವ ಮೊದಲೇ ಹಣ್ಣು ಕೇಳಿದ ಹಾಗೆ ಅದು.

ಹಾಗಾದರೆ ಸಣ್ಣವರು ಏನು ಮಾಡಬೇಕು? ಪಾಲು ಹಂಚಿಕೊಳ್ಳಿ. ಎರಡು ವರ್ಷದ ಮಗು ಕಾಳು ಹಾಕಲಿ, ಅಂದರೆ ಚುಕ್ಕಿ ಇಡಲಿ. ಮೂರರ ಮಗು ಹೊಟ್ಟೆ ಮತ್ತು ತಲೆ ಬಿಡಿಸಲಿ. ನಾಲ್ಕರ ಮಗು ಕಾಲು, ಬಾಲ ಸೇರಿಸಲಿ. ಐದು ದಾಟಿದವರು ಪೂರ್ತಿ ಹಕ್ಕಿ ಬಿಡಿಸಲಿ. ಉಳಿದದ್ದು ನಿಮ್ಮದು. ಮನೆಯಲ್ಲಿ ಅಕ್ಕ ತಮ್ಮ ಇಬ್ಬರಿದ್ದರೆ ಒಂದೇ ಹಾಳೆಯಲ್ಲಿ ಒಂದೇ ಹಕ್ಕಿ ಮಾಡಬಹುದು.

*ಏನೇನು ಬೇಕು?*

• *ಹಾಳೆ:* ಒಂದು ಬದಿ ಖಾಲಿ ಇರುವ ಯಾವ ಕಾಗದವಾದರೂ ಸರಿ. ಹೋದ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂಬದಿ ಬಹಳ ಒಳ್ಳೆಯದು. ದೊಡ್ಡದಿರುತ್ತದೆ, ಗಟ್ಟಿಯಾಗಿರುತ್ತದೆ.
• *ಬಣ್ಣ:* ದಪ್ಪನೆಯ ಕ್ರೇಯಾನ್. ಮೂರು ದಾಟಿದವರಿಗೆ ಅರ್ಧ ಮುರಿದ ಕ್ರೇಯಾನ್ ಕೊಟ್ಟು ನೋಡಿ. ತುಂಡು ಗಿಡ್ಡವಿದ್ದಾಗ ಮುಷ್ಟಿಯಲ್ಲಿ ಹಿಡಿಯಲು ಜಾಗವಿರುವುದಿಲ್ಲ, ಮೂರು ಬೆರಳಿನ ಹಿಡಿತ ತಾನಾಗಿ ಬರುತ್ತದೆ. ಮೂರು ವರ್ಷದೊಳಗಿನವರಿಗೆ ಮಾತ್ರ ಸಣ್ಣ ತುಂಡು ಬೇಡ, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.
• *ಸ್ಲೇಟು, ಬಳಪ* ಇದ್ದರೆ ಇನ್ನೂ ಒಳ್ಳೆಯದು. ಬಳಪ ಉಜ್ಜುವಾಗ ಕೈಗೆ ಸ್ವಲ್ಪ ತಡೆ ಸಿಗುತ್ತದೆ, ಬೆರಳಿಗೆ ಬಲ ಬರುತ್ತದೆ.
• *ಕುಳಿತುಕೊಳ್ಳುವ ರೀತಿ:* ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಮುಂದೆ ಮಣೆ ಇಡಿ. ಕುರ್ಚಿಯಾದರೆ ಪಾದ ಜೋತಾಡದಂತೆ ಕೆಳಗೆ ಏನಾದರೂ ಇಡಿ. ಹಾಳೆಗೂ ಕಣ್ಣಿಗೂ ನಡುವೆ ಮಗುವಿನ ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗಿನ ಅಂತರ ಇರಲಿ. ಬಲಗೈಯವರಿಗೆ ಬೆಳಕು ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬಂದರೆ ಕೈಯ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ.

*ಬನ್ನಿ, ಗುಬ್ಬಿ ಬಿಡಿಸೋಣ*

ಮೊದಲು ನೀವು ನಿಮ್ಮ ಹಾಳೆಯಲ್ಲಿ ಒಂದು ಹಂತ ಮಾಡಿ. ಮಗು ತನ್ನ ಹಾಳೆಯಲ್ಲಿ ಅದೇ ಹಂತ ಮಾಡಲಿ. ಮಗುವಿನ ಕೈ ಹಿಡಿದು ಎಳೆಸಬೇಡಿ.

*ಹಂತ 1, ಹೊಟ್ಟೆ.* ಹಾಳೆಯ ಮಧ್ಯೆ ನಿಪ್ಪಟ್ಟಿನಷ್ಟು ದೊಡ್ಡ ಸೊನ್ನೆ. ಸುತ್ತಿ ಬಂದ ಗೆರೆ ಸೇರದಿದ್ದರೂ ಚಿಂತೆಯಿಲ್ಲ. ತೀರಾ ಕಷ್ಟವಾದರೆ ಒಂದು ಲೋಟ ಬೋರಲು ಹಾಕಿ ಸುತ್ತ ಗೆರೆ ಎಳೆಯಲಿ. ಕನ್ನಡದ ಅಕ್ಷರಗಳು ಬಹುತೇಕ ದುಂಡಗಿವೆ. ಸೊನ್ನೆ ಸುತ್ತಿ ಪಳಗಿದ ಕೈಗೆ ಮುಂದೆ ಅ, ಆ, ಠ, ರ ಬರೆಯುವುದು ಹಗುರವಾಗುತ್ತದೆ.

*ಹಂತ 2, ತಲೆ.* ಹೊಟ್ಟೆಯ ಮೇಲೆ ಎಡಗಡೆಗೆ ಕೋಡುಬಳೆಯಷ್ಟು ಚಿಕ್ಕ ಸೊನ್ನೆ. ಕೆಳಗಿನ ಸೊನ್ನೆಗೆ ಸ್ವಲ್ಪ ತಾಗಲಿ. ಗುಬ್ಬಿಗೆ ಕುತ್ತಿಗೆ ಇದ್ದೂ ಇಲ್ಲದ ಹಾಗೆ, ತಲೆ ಮೈಗೆ ಅಂಟಿಕೊಂಡಂತೆ ಕಾಣುತ್ತದೆ. ‘ಯಾವುದು ದೊಡ್ಡದು, ಯಾವುದು ಚಿಕ್ಕದು?’ ಎಂದು ಕೇಳಿ.

*ಹಂತ 3, ಕೊಕ್ಕು.* ತಲೆಯ ಎಡಬದಿಗೆ ಒಂದು ಗಿಡ್ಡ ತ್ರಿಕೋನ. ಸಣ್ಣ ಮಕ್ಕಳು ಎರಡು ಗೆರೆ ಸೇರಿಸಿದರೂ ಸಾಕು, ಒಂದು ಚುಕ್ಕಿ ಇಟ್ಟರೂ ಸಾಕು. ಗುಬ್ಬಿಯ ಕೊಕ್ಕು ಗಿಡ್ಡ ಮತ್ತು ದಪ್ಪ ಏಕೆ ಗೊತ್ತಾ? ಕಾಳು ಒಡೆದು ತಿನ್ನಬೇಕಲ್ಲ, ಅದಕ್ಕೆ.

*ಹಂತ 4, ಕಣ್ಣು.* ಕೊಕ್ಕಿನ ಹತ್ತಿರ ಒಂದು ಸೊನ್ನೆ, ಒಳಗೆ ಕಪ್ಪು ಚುಕ್ಕಿ. ನಿಜವಾದ ಗುಬ್ಬಿಯ ಕಣ್ಣು ಚಿಕ್ಕದು. ಕಾರ್ಟೂನ್ ಗುಬ್ಬಿಗೆ ಕಣ್ಣು ದೊಡ್ಡದಿದ್ದಷ್ಟೂ ಮುದ್ದು. ಕಪ್ಪಿನ ನಡುವೆ ಚೂರು ಬಿಳಿ ಬಿಟ್ಟರೆ ಕಣ್ಣಿಗೆ ಜೀವ ಬರುತ್ತದೆ.

*ಹಂತ 5, ರೆಕ್ಕೆ.* ಹೊಟ್ಟೆಯ ಮಧ್ಯೆ ಮಲಗಿಸಿದ ಮಾವಿನಕಾಯಿಯ ಆಕಾರ. ಅದರ ಚೂಪು ತುದಿ ಬಾಲದ ಕಡೆ ಇರಲಿ. ಒಳಗೆ ಎರಡು ಮೂರು ಬಾಗಿದ ಗೆರೆ ಹಾಕಿದರೆ ಗರಿಗಳಾದವು.

*ಹಂತ 6, ಬಾಲ.* ಹೊಟ್ಟೆಯ ಬಲ ತುದಿಯಿಂದ ಹಿಂದಕ್ಕೆ ಮೂರು ಗೆರೆ. ತುದಿಗಳನ್ನು ಸೇರಿಸಿ.

*ಹಂತ 7, ಕಾಲು.* ಹೊಟ್ಟೆಯ ಕೆಳಗೆ ಎರಡು ಉದ್ದ ಗೆರೆ. ಪ್ರತಿ ಕಾಲಿಗೆ ಮುಂದೆ ಮೂರು ಬೆರಳು, ಹಿಂದೆ ಒಂದು. ಮಗು ಎಣಿಸಲಿ: ಒಂದು, ಎರಡು, ಮೂರು, ಹಿಂದೆ ನಾಲ್ಕು. ಹಿಂದಿನ ಆ ಬೆರಳು ಇರುವುದರಿಂದಲೇ ಗುಬ್ಬಿ ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಹೆಬ್ಬೆರಳು ಪೆನ್ಸಿಲನ್ನು ಎದುರು ಬದಿಯಿಂದ ಹಿಡಿಯುವ ಹಾಗೆ.

*ಹಂತ 8, ಬಣ್ಣ.* ಗಂಡು ಗುಬ್ಬಿಗೆ ನೆತ್ತಿ ಬೂದು, ಗಂಟಲ ಕೆಳಗೆ ಕಪ್ಪು ಮಚ್ಚೆ. ಹೆಣ್ಣು ಗುಬ್ಬಿಗೆ ಮಚ್ಚೆಯಿಲ್ಲ, ಮೈಯೆಲ್ಲ ಮಾಸಲು ಕಂದು. ಮಗು ನೇರಳೆ ಗುಬ್ಬಿ ಮಾಡುತ್ತೇನೆ ಎಂದರೆ ನೇರಳೆಯೇ ಆಗಲಿ.

ಕೊನೆಗೆ ಸುತ್ತ ಒಂದಿಷ್ಟು ಕಾಳು, ಒಂದು ಬಟ್ಟಲು ನೀರು, ನಿಮ್ಮ ಮನೆಯ ಕಿಟಕಿಯ ಕಂಬಿ. ಮೂಲೆಯಲ್ಲಿ ಮಗುವಿನ ಹೆಸರು, ತಾರೀಖು ಬರೆದಿಡಿ. ಆರು ತಿಂಗಳ ಹಿಂದಿನ ಗುಬ್ಬಿಯನ್ನೂ ಇವತ್ತಿನ ಗುಬ್ಬಿಯನ್ನೂ ಪಕ್ಕ ಪಕ್ಕ ಇಟ್ಟರೆ ಮಗುವಿನ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ. ಪಕ್ಕದ ಮನೆಯ ಮಗುವಿನ ಗುಬ್ಬಿಯ ಜೊತೆ ಹೋಲಿಸುವುದು ಬೇಡ.

*ಗುಬ್ಬಿಗೆ ಇವತ್ತು ಏನಾಗಿದೆ?*

ಕಾರ್ಟೂನ್ ಹಕ್ಕಿಯಲ್ಲಿ ಒಂದು ಸಣ್ಣ ಚಮತ್ಕಾರವಿದೆ. ಕಣ್ಣಿನ ಮೇಲೆ ಒಂದು ಗೆರೆ, ಅಂದರೆ ಹುಬ್ಬು, ಹಾಕಿ ನೋಡಿ.

• ಕೊಕ್ಕಿನ ಕಡೆಗೆ ಹುಬ್ಬು ಇಳಿದರೆ ಗುಬ್ಬಿಗೆ ಸಿಟ್ಟು.
• ಕೊಕ್ಕಿನ ಕಡೆಗೆ ಹುಬ್ಬು ಏರಿದರೆ ಗುಬ್ಬಿಗೆ ಬೇಜಾರು.
• ಕಣ್ಣಿನ ಅರ್ಧಕ್ಕೆ ಅಡ್ಡಗೆರೆ ಹಾಕಿದರೆ ನಿದ್ದೆ.
• ಕೊಕ್ಕು ತೆರೆದು ಕಣ್ಣು ದೊಡ್ಡದು ಮಾಡಿದರೆ ಭಯ ಅಥವಾ ಆಶ್ಚರ್ಯ.

ನಾಲ್ಕು ಗುಬ್ಬಿ ಬಿಡಿಸಿ, ‘ಇವತ್ತು ನೀನು ಯಾವ ಗುಬ್ಬಿ?’ ಎಂದು ಕೇಳಿ. ಮಗು ತೋರಿಸಿದ ಮೇಲೆ ಕೂಡಲೇ ಬುದ್ಧಿ ಹೇಳಬೇಡಿ. ‘ಹೌದಾ? ಗುಬ್ಬಿಗೆ ಯಾಕೆ ಬೇಜಾರಾಗಿದೆ?’ ಎಂದು ಕೇಳಿ ಸುಮ್ಮನಿರಿ. ವರ್ಗಾವಣೆಯಾಗಿ ಹೊಸ ಊರಿಗೆ ಬಂದ ಮಗು, ತರಗತಿಯಲ್ಲಿ ಯಾರ ಭಾಷೆಯೂ ಅರ್ಥವಾಗದ ಮಗು, ಅಪ್ಪನ ರಾತ್ರಿ ಪಾಳಿಯಿಂದ ಅವರ ಮುಖ ನೋಡದ ಮಗು ಇವರೆಲ್ಲ ಗುಬ್ಬಿಯ ಹೆಸರಿನಲ್ಲಿ ತಮ್ಮ ಮಾತು ಹೇಳುತ್ತಾರೆ. ಸಿಟ್ಟು, ಬೇಜಾರು, ನಾಚಿಕೆ, ಭಯ ಎಂಬ ಶಬ್ದಗಳು ಮಗುವಿಗೆ ಗೊತ್ತಿದ್ದರೆ ಚೀರಾಡುವುದು, ವಸ್ತು ಎಸೆಯುವುದು ಮೆಲ್ಲಗೆ ಕಡಿಮೆಯಾಗುತ್ತದೆ. ಹೇಳಲು ಮಾತು ಸಿಕ್ಕಿದಾಗ ಕೈ ಎತ್ತುವ ಅಗತ್ಯ ಕಡಿಮೆ.

ಒಂದು ಎಚ್ಚರಿಕೆ. ಒಂದು ಚಿತ್ರ ನೋಡಿ ಮಗುವಿನ ಮನಸ್ಸನ್ನು ಅಳೆಯಬೇಡಿ. ಕಪ್ಪು ಬಣ್ಣ ಬಳಿದರೆ ಮಗುವಿಗೆ ದುಃಖ ಎಂದು ಅರ್ಥವಲ್ಲ, ಆ ಕ್ರೇಯಾನ್ ಹತ್ತಿರವಿತ್ತು ಅಷ್ಟೇ ಇರಬಹುದು. ಮಗು ಹೇಳುವುದನ್ನು ಕೇಳಿ.

*ಮಾತನಾಡುವ ರೀತಿ*

‘ಇದೇನಿದು?’ ಎಂದು ಕೇಳುವ ಬದಲು ‘ಇದರ ಬಗ್ಗೆ ಹೇಳು’ ಎನ್ನಿ. ‘ಸೂಪರ್, ಸೂಪರ್’ ಎಂದು ಎಲ್ಲಕ್ಕೂ ಹೇಳುವ ಬದಲು ಕಂಡದ್ದನ್ನು ಹೇಳಿ: ‘ಬಾಲಕ್ಕೆ ಐದು ಗೆರೆ ಹಾಕಿದ್ದೀಯಲ್ಲ!’ ಮಗುವಿನ ಚಿತ್ರವನ್ನು ನೀವು ತಿದ್ದಬೇಡಿ. ನಿಮ್ಮ ಹಾಳೆಯಲ್ಲಿ ನೀವು ಬಿಡಿಸಿ, ಅದನ್ನು ನೋಡಿ ಮಗು ತಾನಾಗಿ ಕಲಿಯುತ್ತದೆ. ‘ನನಗೆ ಬರೋದಿಲ್ಲ, ನೀನೇ ಮಾಡು’ ಎಂದರೆ ಒಂದೇ ಒಂದು ಗೆರೆ ನೀವು ಹಾಕಿ, ಮುಂದಿನದು ಅವರದು. ಹತ್ತು ನಿಮಿಷಕ್ಕೆ ಸಾಕು ಎಂದರೆ ಬಿಟ್ಟುಬಿಡಿ. ನಾಳೆಗೂ ಆಸೆ ಉಳಿಯಲಿ.

*ಕಾಗಕ್ಕ, ಗಿಳಿರಾಮ, ನೀಲಕಂಠ*

ಗುಬ್ಬಿ ಬಂದ ಮೇಲೆ ಉಳಿದ ಹಕ್ಕಿಗಳು ಸುಲಭ. ಅದೇ ಎರಡು ಸೊನ್ನೆ ಇಟ್ಟುಕೊಂಡು ಕೊಕ್ಕು ಉದ್ದ ಮಾಡಿ ಕಪ್ಪು ಬಳಿದರೆ ಕಾಗೆ. ಕೊಕ್ಕು ಬಾಗಿಸಿ ಕೆಂಪು ಮಾಡಿ, ಮೈಗೆ ಹಸಿರು ಹಚ್ಚಿ ಬಾಲ ಉದ್ದ ಎಳೆದರೆ ಗಿಳಿ. ರೆಕ್ಕೆಗೆ ನೀಲಿ ಹಚ್ಚಿದರೆ ನೀಲಕಂಠ. ನೀಲಕಂಠ ಕರ್ನಾಟಕದ ರಾಜ್ಯ ಪಕ್ಷಿ. ತೆಲಂಗಾಣದ ರಾಜ್ಯ ಪಕ್ಷಿಯೂ ಅದೇ. ಅಲ್ಲಿ ಅದನ್ನು ಪಾಲಪಿಟ್ಟ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿ: ಎರಡೂ ಊರಿಗೆ ಒಂದೇ ಹಕ್ಕಿ. ದೆಹಲಿಯಲ್ಲಿರುವವರಿಗೆ ಇನ್ನೂ ಖುಷಿ, ಅಲ್ಲಿನ ರಾಜ್ಯ ಪಕ್ಷಿ ಗುಬ್ಬಿಯೇ. ಪ್ರತಿ ವರ್ಷ ಮಾರ್ಚ್ 20 ವಿಶ್ವ ಗುಬ್ಬಿ ದಿನ. ಆ ದಿನ ಮನೆಯ ಬಾಗಿಲಿಗೆ ಮಗು ಬಿಡಿಸಿದ ಗುಬ್ಬಿಯನ್ನು ಅಂಟಿಸಿ.

ಗುಬ್ಬಿ ಮರಾಠಿಯಲ್ಲಿ ಚಿಮಣಿ, ತೆಲುಗಿನಲ್ಲಿ ಪಿಚ್ಚುಕ, ತಮಿಳಿನಲ್ಲಿ ಚಿಟ್ಟುಕ್ಕುರುವಿ, ಹಿಂದಿಯಲ್ಲಿ ಗೌರೈಯಾ. ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪ ಎಂದು ಹೇಳಿದರೆ ಪುಣೆಯ ಮಕ್ಕಳು ನಗುತ್ತಾರೆ. ‘ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದಲೇ ಮಗು ಮಾತು ತಡ ಮಾಡುತ್ತಿದೆಯಾ?’ ಎಂದು ಅನೇಕರು ಕೇಳುತ್ತಾರೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ಸಹಜ. ಮಗುವಿಗೆ ಎಷ್ಟು ಶಬ್ದ ಬರುತ್ತದೆ ಎಂದು ಎಣಿಸುವಾಗ ಎಲ್ಲ ಭಾಷೆಯ ಶಬ್ದಗಳನ್ನೂ ಸೇರಿಸಿ ಎಣಿಸಬೇಕು. ಆದ್ದರಿಂದ ಕನ್ನಡ ಬಿಡಬೇಡಿ. ಹಾಗೆಯೇ, ಮಾತು ನಿಜವಾಗಿ ತಡವಾದರೆ ‘ಭಾಷೆ ಜಾಸ್ತಿಯಾಯಿತು’ ಎಂದು ಸುಮ್ಮನೆ ಕೂರಲೂ ಬೇಡಿ.

ಈಗ ಅಜ್ಜ ಅಜ್ಜಿಯರ ಕೆಲಸ. ವಾರಕ್ಕೊಮ್ಮೆ ವೀಡಿಯೋ ಕರೆಯಲ್ಲಿ ಮಗು ತನ್ನ ಹಕ್ಕಿಯನ್ನು ತೋರಿಸಲಿ, ನೀವು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ. ಮಳೆಯಲ್ಲಿ ನೆನೆದ ಕಾಗಕ್ಕ ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿ, ‘ಮುಂದೇನಾಯಿತು, ಬಿಡಿಸಿ ತೋರಿಸು’ ಎನ್ನಿ. ಸಣ್ಣ ಮಕ್ಕಳಿಗೆ ಪರದೆ ಬೇಡ ಎನ್ನುವ ವೈದ್ಯರೂ ಮನೆಯವರ ಜೊತೆಗಿನ ಇಂಥ ವೀಡಿಯೋ ಕರೆಗೆ ವಿನಾಯಿತಿ ಕೊಡುತ್ತಾರೆ. ಅಲ್ಲಿ ಮಗುವಿನ ಮಾತಿಗೆ ಮಾತು ಸಿಗುತ್ತದೆ.

ಬಿಡಿಸಿದ ಹಕ್ಕಿಯನ್ನು ಹೊರಗೆ ಹೋಗಿ ಹುಡುಕಿ. ಹಗಲಿನ ಬಯಲ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಂಜಾಗುವ ದೃಷ್ಟಿದೋಷ ಬರುವ ಸಾಧ್ಯತೆ ಕಡಿಮೆ. ದಿನಕ್ಕೆ ಎರಡು ಗಂಟೆ ಹೊರಗಿದ್ದರೆ ಒಳ್ಳೆಯದು. ಬಾಲ್ಕನಿಯಲ್ಲಿ ಪಾರಿವಾಳ ನೋಡುವುದಾದರೆ ದೂರದಿಂದ ನೋಡಲಿ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಉಸಿರಿನಲ್ಲಿ ಸೇರಿ ಕೆಲವರಿಗೆ ಶ್ವಾಸಕೋಶದ ತೊಂದರೆ ತರುತ್ತದೆ. ಅದನ್ನು ಒಣಗಿದ್ದಾಗ ಗುಡಿಸಬೇಡಿ. ಮಾಸ್ಕ್ ಹಾಕಿಕೊಂಡು, ನೀರು ಹಾಕಿ ನೆನೆಸಿ ತೆಗೆಯಿರಿ. ಆ ಕೆಲಸ ದೊಡ್ಡವರದ್ದು, ಮಕ್ಕಳದ್ದಲ್ಲ.

*ಕೈಗೆ ಬಲ ಬರಲು ಅಡುಗೆ ಮನೆಯ ಕೆಲಸ*

ಚಿತ್ರ ಬಿಡಿಸುವ ಕೈಯನ್ನು ಅಡುಗೆ ಮನೆಯಲ್ಲೂ ಬೆಳೆಸಬಹುದು. ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಗುಬ್ಬಿ ಮಾಡಿಸಿ. ಬಟಾಣಿ ಸುಲಿಸಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿಸುಕಿಸಿ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಚಿಮ್ಮಿಸುವುದಕ್ಕಿಂತ ಒಳ್ಳೆಯ ಬೆರಳಿನ ವ್ಯಾಯಾಮವಿಲ್ಲ, ಸಂಜೆಗೆ ಹಿಸುಕಿದವರೆ ಸಾರೂ ಆಯಿತು. ರಂಗೋಲಿ ಪುಡಿ ಹಿಡಿಯುವುದೂ ಅದೇ ಚಿಟಿಕೆಯ ಹಿಡಿತ. ಒಣಗಿಸಿದ ಬಟ್ಟೆಗೆ ಕ್ಲಿಪ್ ಹಾಕಿಸಿ. ಕಾಳು, ಬಟಾಣಿ ಮೂರು ವರ್ಷದೊಳಗಿನವರ ಕೈಗೆ ಬೇಡ. ಮೂಗಿಗೆ, ಬಾಯಿಗೆ ಹೋಗುತ್ತದೆ.

*ಪದೇ ಪದೇ ಕೇಳುವ ಪ್ರಶ್ನೆಗಳು*

*ಮಗು ಎಡಗೈಯಲ್ಲಿ ಬಿಡಿಸುತ್ತದೆ. ಬಿಡಿಸಬೇಕೇ?*
ಬೇಡ. ಎಡಗೈ ದೋಷವಲ್ಲ. ಹೊಡೆದು, ಗದರಿಸಿ ಬಲಗೈಗೆ ಬದಲಿಸಬೇಡಿ. ಹಾಳೆಯನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿ ಇಡಿ. ಗುಬ್ಬಿ ಬಲಕ್ಕೆ ಮುಖ ಮಾಡಿದರೆ ಅವರಿಗೆ ಸುಲಭವಾಗಬಹುದು.

*ಗೋಡೆಯ ಮೇಲೆ ಗೀಚುತ್ತಾಳೆ. ಬಾಡಿಗೆ ಮನೆ, ಏನು ಮಾಡುವುದು?*
ಕ್ಯಾಲೆಂಡರ್ ಹಾಳೆಗಳನ್ನು ಮಗುವಿನ ಎದೆಯ ಎತ್ತರಕ್ಕೆ ಬೀರುವಿನ ಬಾಗಿಲಿಗೆ ಟೇಪ್ ಹಾಕಿ ಅಂಟಿಸಿ, ‘ಇದು ನಿನ್ನ ಗೋಡೆ’ ಎಂದು ಹೇಳಿ. ನಿಂತು ಎದುರಿಗೆ ಬಿಡಿಸುವುದರಿಂದ ಭುಜಕ್ಕೂ ಮಣಿಕಟ್ಟಿಗೂ ಒಳ್ಳೆಯ ಬಲ ಬರುತ್ತದೆ.

*ಮೊಬೈಲಿನಲ್ಲೇ ಡ್ರಾಯಿಂಗ್ ಆ್ಯಪ್ ಇದೆಯಲ್ಲ?*
ಗಾಜಿನ ಮೇಲೆ ಬೆರಳು ಜಾರುತ್ತದೆ. ಹಿಡಿಯುವುದು, ಒತ್ತುವುದು, ಒತ್ತಡ ಕಡಿಮೆ ಮಾಡುವುದು ಅಲ್ಲಿ ಇಲ್ಲ. ಹಾಳೆಗೆ ಅದು ಬದಲಿಯಲ್ಲ.

*ಪೆನ್ಸಿಲ್ ಬಾಯಿಗೆ ಹಾಕುತ್ತಾನೆ. ಸೀಸ ಹೊಟ್ಟೆಗೆ ಹೋಗುತ್ತದೆಯೇ?*
ಪೆನ್ಸಿಲಿನ ಒಳಗಿರುವುದು ಸೀಸವಲ್ಲ. ಅದು ಗ್ರಾಫೈಟ್ ಮತ್ತು ಜೇಡಿಮಣ್ಣು. ಆದರೂ ಹೊರಗಿನ ಬಣ್ಣ ಕಚ್ಚುವುದು ಬೇಡ. ಪೆನ್ಸಿಲ್ ಬಾಯಲ್ಲಿಟ್ಟು ಓಡುವುದಂತೂ ಅಪಾಯ. ಬಿದ್ದರೆ ಗಂಟಲಿಗೆ ಚುಚ್ಚುತ್ತದೆ.

*ಬಳಪ, ಸೀಮೆಸುಣ್ಣ ತಿನ್ನುತ್ತಾಳೆ.*
ಎರಡು ವರ್ಷ ದಾಟಿದ ಮೇಲೂ ಬಳಪ, ಮಣ್ಣು, ಸುಣ್ಣ ತಿನ್ನುವ ಅಭ್ಯಾಸವಿದ್ದರೆ ಬೈಯುವುದರಿಂದ ಬಿಡುವುದಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರಬಹುದು. ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ.

*ವೈದ್ಯರಿಗೆ ಯಾವಾಗ ತೋರಿಸಬೇಕು?*

ಮಗು ಬಿಡಿಸುವಾಗ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕಾಣುವ ಕೆಲವು ಸಂಗತಿಗಳಿವೆ. ಇವು ಕಂಡರೆ ಗಾಬರಿ ಬೇಡ, ಆದರೆ ತಡವೂ ಬೇಡ.

• ಒಂದೂವರೆ ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುದುಡಿ ಇಟ್ಟುಕೊಳ್ಳುವುದು.
• ಹಾಳೆಯನ್ನು ಮೂಗಿಗೆ ತಾಗಿಸಿ ನೋಡುವುದು, ತಲೆ ಓರೆ ಮಾಡಿ ಅಥವಾ ಒಂದು ಕಣ್ಣು ಮುಚ್ಚಿ ಬಿಡಿಸುವುದು, ಮೆಳ್ಳೆಗಣ್ಣು. ಒಂದು ಕಣ್ಣು ಮಂದವಾಗುವ ‘ಲೇಜಿ ಐ’ ತೊಂದರೆಗೆ ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಆದಷ್ಟೂ ಫಲ ಹೆಚ್ಚು. ಶಾಲೆಗೆ ಸೇರಿಸುವ ಮೊದಲು ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ.
• ಮೂರು ವರ್ಷವಾದರೂ ಕ್ರೇಯಾನ್ ಹಿಡಿದು ಗೀಚಲು ಆಗದಿರುವುದು, ಕೈ ತುಂಬಾ ನಡುಗುವುದು.
• ಎರಡು ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಶಬ್ದ ಸೇರಿಸದಿರುವುದು. ಹೆಸರು ಹಿಡಿದು ಕರೆದರೂ ತಿರುಗದಿರುವುದು. ಹಕ್ಕಿ ಕಂಡರೂ ಬೆರಳು ಮಾಡಿ ತೋರಿಸದಿರುವುದು.
• ಮೊದಲು ಬರುತ್ತಿದ್ದ ಮಾತು, ಗೆರೆ, ಆಟ ಈಗ ಬಾರದಿರುವುದು. ಇದಕ್ಕೆ ಒಂದು ವಾರವೂ ಕಾಯಬೇಡಿ.

ಖರ್ಚಿನ ಚಿಂತೆಯಿದ್ದವರಿಗೆ ಒಂದು ಮಾಹಿತಿ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಇದು ನಡೆಯುತ್ತದೆ. ಬೆಳವಣಿಗೆ ತಡವಾಗುವುದು, ಕಣ್ಣು, ಕಿವಿ, ಮಾತಿನ ತೊಂದರೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆ. ನೀವಿರುವ ಊರಿನ ಅಂಗನವಾಡಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿನ ಭಾಷೆ ಚೆನ್ನಾಗಿ ಬಾರದಿದ್ದರೆ ಮಗು ಬಿಡಿಸಿದ ತಾರೀಖು ಹಾಕಿದ ಹಾಳೆಗಳನ್ನು ಜೊತೆಗೆ ಒಯ್ಯಿರಿ. ಹೇಳಲು ಬಾರದ ಎಷ್ಟೋ ವಿಷಯ ವೈದ್ಯರಿಗೆ ಅವುಗಳಿಂದ ತಿಳಿಯುತ್ತದೆ.

*ನೆನಪಿಡಬೇಕಾದ್ದು*

ಚೆಂದದ ಚಿತ್ರ ನಮ್ಮ ಗುರಿಯಲ್ಲ. ದಿನಕ್ಕೆ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಮಗುವಿನ ಪಕ್ಕ ಕುಳಿತು ಅದರ ಕೈ ನೋಡುವುದು, ಮಾತು ಕೇಳುವುದು ಗುರಿ. ಮೂರು ವರ್ಷಕ್ಕೆ ಸೊನ್ನೆ, ಐದಕ್ಕೆ ತ್ರಿಕೋನ. ಅಲ್ಲಿಯವರೆಗೆ ಕೊಕ್ಕು ಸೊಟ್ಟಗಿರಲಿ. ಇವತ್ತು ರಾತ್ರಿ ಊಟಕ್ಕೆ ಮೊದಲು ಒಂದು ಹಾಳೆ ಹಾಸಿ, ಮೊದಲ ಸೊನ್ನೆ ಮಗುವಿನದಾಗಲಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಮಗುವಿನ ಬಗ್ಗೆ ಸಂಶಯವಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಉಪಯುಕ್ತ ಎನಿಸಿದರೆ ಸಣ್ಣ ಮಕ್ಕಳಿರುವ ಕನ್ನಡದ ಮನೆಗಳಿಗೆ ಕಳುಹಿಸಿ. ನಿಮ್ಮ ಮನೆಯ ಗುಬ್ಬಿಯ ಫೋಟೋವನ್ನು ಮೊದಲು ಊರಿನ ಅಜ್ಜಿಗೆ ಕಳುಹಿಸಿ, ಆಮೇಲೆ ಗುಂಪಿಗೆ.